ಆಸ್ಪತ್ರೆಯಲ್ಲಿ ಕಾರ್ಯ ಸರಳೀಕರಣ

ಆಸ್ಪತ್ರೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುವು ವೈದ್ಯನೂ ಔಷಧವೂ. ಆದರೆ ಇವೆರಡೂ ಇದ್ದು, ರೋಗಿಯು ಮಾತ್ರ ದಿನವೆಲ್ಲ ಸಾಲಿನಲ್ಲಿ ನಿಂತು ಹಿಂದಿರುಗುವ ಪ್ರಸಂಗವನ್ನು ಪಾಲಕರು ಬಲ್ಲರು. ಅಲ್ಲಿ ಕೊರತೆಯಿರುವುದು ವಿದ್ಯೆಯಲ್ಲಲ್ಲ, ಏರ್ಪಾಟಿನಲ್ಲಿ. ಯಾವ ಕೆಲಸವನ್ನು ಯಾರು, ಯಾವ ಕ್ರಮದಲ್ಲಿ ಮಾಡಬೇಕೆಂದು ವಿಚಾರಿಸಿ, ವ್ಯರ್ಥವಾದ ಹೆಜ್ಜೆಗಳನ್ನು ತೆಗೆದುಹಾಕುವುದೇ ಕಾರ್ಯ ಸರಳೀಕರಣ. ಮುಂದೆ ಬರಲಿರುವ ಅಗತ್ಯವನ್ನೆಣಿಸಿ ಇಂದೇ ಸಿದ್ಧತೆ ನಡೆಸುವುದು ದೂರದೃಷ್ಟಿಯ ಯೋಜನೆ.

ಇದಕ್ಕೆ ಕಣ್ಣಿನ ಪೊರೆಯ, ಅಂದರೆ ಮೋತಿಬಿಂದುವಿನ ಚಿಕಿತ್ಸೆಗಿಂತ ಸ್ಪಷ್ಟವಾದ ನಿದರ್ಶನ ದೊರೆಯದು. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು 1943ರಿಂದ ಊರೂರು ಸುತ್ತಿ ನೇತ್ರ ಶಿಬಿರಗಳನ್ನು ನಡೆಸಿದರು. ರೋಗಿಗಳನ್ನು ಸಾಲಾಗಿ ಮಲಗಿಸಿ, ಸಿದ್ಧಪಡಿಸುವುದನ್ನೂ ಪಟ್ಟಿ ಕಟ್ಟುವುದನ್ನೂ ಸಹಾಯಕರು ಮಾಡುತ್ತಿದ್ದರು. ಡಾಕ್ಟರರು ಮೇಜಿನಿಂದ ಮೇಜಿಗೆ ಸಾಗಿ ಪೊರೆಯನ್ನು ಮಾತ್ರ ತೆಗೆಯುತ್ತಿದ್ದರು. ಹೀಗೆ 1968ರಲ್ಲಿ ಒಂದೇ ದಿನ 833 ಶಸ್ತ್ರಕ್ರಿಯೆಗಳು ನಡೆದುದು ದಾಖಲಾಗಿದೆ! ಆ ವರ್ಷವೇ ಅವರಿಗೆ ಪದ್ಮಭೂಷಣ ಪ್ರಶಸ್ತಿಯೂ ಸಂದಿತು.

ವೇಗವೊಂದನ್ನೇ ಹೊಗಳುವುದು ನಮ್ಮ ಉದ್ದೇಶವಲ್ಲ. ಶಾಲೆ, ಛತ್ರಗಳಲ್ಲಿ ನಡೆಯುವ ಶಸ್ತ್ರಕ್ರಿಯೆಯಲ್ಲಿ ನಂಜಿನ ಭಯವುಂಟು. ಆದುದರಿಂದ ಈಗ ಹಳ್ಳಿಯಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಎಂಬ ಕ್ರಮವೇ ರೂಢಿಗೆ ಬಂದಿದೆ. ಡಾ. ಜಿ. ವೆಂಕಟಸ್ವಾಮಿಯವರು ಸರಕಾರಿ ಸೇವೆಯಿಂದ ನಿವೃತ್ತರಾಗಿ, 1976ರಲ್ಲಿ ಮಧುರೆಯಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆಯು ಈ ಕ್ರಮವನ್ನು ಬಹಳ ದೂರ ಕೊಂಡೊಯ್ದಿತು. ಅಲ್ಲಿ ಒಬ್ಬ ಶಸ್ತ್ರವೈದ್ಯನಿಗೆ ಎರಡು ಮೇಜುಗಳು. ಒಂದರಲ್ಲಿ ಕೆಲಸ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಮುಂದಿನ ರೋಗಿ ಸಿದ್ಧ. ಸಿದ್ಧಪಡಿಸುವವರು ಬಹುಮಟ್ಟಿಗೆ ಹಳ್ಳಿಗಳಿಂದ ಬಂದು ತರಬೇತಿ ಪಡೆದ ತರುಣಿಯರು. (ನಮ್ಮ ವಿದ್ಯಾರ್ಥಿನಿಯರು ಇದನ್ನು ಗಮನಿಸಲಿ.) ಕಣ್ಣೊಳಗಿಡುವ ಮಸೂರವು ಪರದೇಶದಿಂದ ಬಂದು ದುಬಾರಿಯಾಗಿದ್ದುದರಿಂದ, 1992ರಲ್ಲಿ ಅದನ್ನು ತಯಾರಿಸುವ ಅರೋಲ್ಯಾಬ್ ಎಂಬ ಸಂಸ್ಥೆಯನ್ನೂ ಕಟ್ಟಿದರು. ಬೆಲೆ ಇಳಿದು ಬಡವರಿಗೂ ಮಸೂರ ಎಟಕಿತು. ದೂರದೃಷ್ಟಿಯೆಂದರೆ ಇದು.

ಕಂಗ್ಟಿಯವರಿಗೆ ಇದರಿಂದೇನು? 1956ಕ್ಕೆ ಮೊದಲು ಬೀದರ ಜಿಲ್ಲೆಗೆ ಸೇರಿದ್ದ ನಾರಾಯಣಖೇಡದ ಈ ಸೀಮೆಯಲ್ಲಿ, ಮುದುಕರನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವುದೆಂದರೆ ಮನೆಯೊಬ್ಬರ ಕೂಲಿಯು ಹೋದಂತೆಯೇ. ಎರಡನೆಯ ಸಲ ಹೋಗಬೇಕಾದರೆ ಅನೇಕರು ಹೋಗುವುದೇ ಇಲ್ಲ. ಅಜ್ಜಿ ಕುರುಡಾಗಿ ಉಳಿದರೆ ಅವಳ ಕೈಹಿಡಿದು ನಡೆಸಲು ಮೊಮ್ಮಗಳು ಶಾಲೆ ಬಿಡುತ್ತಾಳೆ. ತೆಲಂಗಾಣ ಸರಕಾರವು 2018ರ ಆಗಸ್ಟ್ 15ರಂದು ಆರಂಭಿಸಿದ ‘ಕಂಟಿ ವೆಲುಗು’ ಕಾರ್ಯಕ್ರಮದಲ್ಲಿ ವೈದ್ಯರ ತಂಡಗಳೇ ಹಳ್ಳಿಗೆ ಬಂದು ಕಣ್ಣು ಪರೀಕ್ಷಿಸಿ ಉಚಿತವಾಗಿ ಕನ್ನಡಕ ಕೊಟ್ಟುವು. ರೋಗಿಯ ಒಂದು ಪ್ರಯಾಣ ಉಳಿಯಿತಲ್ಲವೆ? ಅದೂ ಸರಳೀಕರಣವೇ.

ಶಸ್ತ್ರಕ್ರಿಯೆಯ ಬಳಿಕ ವಾರಗಟ್ಟಲೆ ಕಣ್ಣಿಗೆ ಹನಿ ಹಾಕಬೇಕು. ಗೊತ್ತಾದ ದಿನ ಮರುತಪಾಸಣೆಗೆ ಹೋಗಬೇಕು. ಆಸ್ಪತ್ರೆಯ ಚೀಟಿ ಸಾಮಾನ್ಯವಾಗಿ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ಮನೆಯ ವಿದ್ಯಾರ್ಥಿಯು ಅದನ್ನೋದಿ, ಹನಿಯ ವೇಳೆಗಳನ್ನೂ ಮರುತಪಾಸಣೆಯ ದಿನವನ್ನೂ ಕನ್ನಡದಲ್ಲಿ ದಪ್ಪಕ್ಷರದಿಂದ ಬರೆದು ಗೋಡೆಗೆ ಅಂಟಿಸಲಿ.