ಒಂದೇ ಮೀಟರಿನಲ್ಲಿ ಹಲವು ಲೆಕ್ಕ

ನಮ್ಮ ತಮಿಳುನಾಡಿನಲ್ಲಿ 1990ರಿಂದೀಚೆಗೆ ರೈತರ ಪಂಪುಸೆಟ್ಟಿಗೆ ಕರೆಂಟಿನ ಹಣ ಕೊಡುವ ಪದ್ಧತಿಯಿಲ್ಲ. ಆದುದರಿಂದ ಮೀಟರು ನೋಡುವ ಅಭ್ಯಾಸವೇ ಒಕ್ಕಲು ಮಕ್ಕಳಿಗೆ ತಪ್ಪಿಹೋಗಿದೆ. ಆದರೆ ತಳಿ, ಹೊಸೂರು, ಡೆಂಕಣಿಕೋಟೆಯ ಸುತ್ತಿನಲ್ಲಿ ಗುಲಾಬಿ, ಸೇವಂತಿಗೆಯ ಬೇಸಾಯ ಹೆಚ್ಚಿದಂತೆ, ಕೊಯ್ದ ಹೂವಿಗೆ ತಂಪು ಕೋಣೆಯೂ, ಸೇವಂತಿಗೆ ಹೊತ್ತಿಗೆ ಮುಂಚೆ ಮೊಗ್ಗು ಕಟ್ಟದಂತೆ ರಾತ್ರಿಯ ದೀಪವೂ ಬಂದಿವೆ. ನಮ್ಮ ಶೆಡ್ಡಿನ ಕನೆಕ್ಷನ್ನಿಗೆ ಯೂನಿಟ್ಟಿನ ಲೆಕ್ಕದಲ್ಲೇ ಹಣ ತೆರಬೇಕು.

ಆ ಕನೆಕ್ಷನ್ನು ನನಗೂ ನನ್ನ ತಮ್ಮನಿಗೂ ಒಂದೇ. ತಂಪು ಕೋಣೆ ನನ್ನದು, ದೀಪಗಳು ಅವನವು. ಬಿಲ್ಲು ಹಂಚುವುದಕ್ಕೆಂದು ಹಲವು ದಾರಿಗಳ ಕರೆಂಟನ್ನು ಬೇರೆಬೇರೆಯಾಗಿ ಎಣಿಸುವ ಮೀಟರೊಂದನ್ನು ತಂದು, ಇಲಾಖೆಯ ಮೀಟರಿನಿಂದ ಈಚೆಗೆ ಹಾಕಿಸಿದೆವು. ಪ್ರತಿ ತಂತಿಯನ್ನೂ ಸುತ್ತುವ ಬಳೆಯಂಥ ಸಿ.ಟಿ. ಎಂಬುದು ಹರಿಯುವ ಕರೆಂಟಿನ ಸಣ್ಣ ಪಾಲನ್ನು ಮೀಟರಿಗೆ ಕೊಡುತ್ತದೆ. ಯಾವ ದಾರಿಗೆ ಎಂಥ ಸಿ.ಟಿ. ಹಾಕಿದೆಯೆಂಬುದನ್ನು ಮೀಟರು ತಾನಾಗಿ ಅರಿಯದು. ಲ್ಯಾಪ್‌ಟಾಪಿಗೆ ತಂತಿ ಜೋಡಿಸಿ, ಸಾಫ್ಟ್‌ವೇರಿನಲ್ಲಿ ನಾವೇ ಬರೆದು ತಿಳಿಸಬೇಕು. ಜೋಡಣೆ ವೈರ್‌ಮನ್ನಿನ ಕೆಲಸ. ಬರೆಯುವ ಕೆಲಸ, ಲೆಕ್ಕದ ಮೇಷ್ಟರೆಂದು, ನನ್ನ ಪಾಲಿಗೆ ಬಂತು.

ಮೂರನೆಯ ಬಿಲ್ಲು ಬಂದಾಗ ತಮ್ಮ ಕೇಳಿದ: "ಅಣ್ಣಾ, ನಂದಿರೋದೇ ಅರವತ್ತು ಬಲ್ಬು. ಐದರಲ್ಲಿ ಎರಡು ಪಾಲು ನಂಗ್ಯಾಕೆ ಬೀಳ್ತದೆ?" "ಮೀಟರು ಸುಳ್ಳು ಹೇಳುತ್ತದೆಯೇನಪ್ಪಾ?" ಎಂದೆ. ಅವನು ಮಾತಾಡದೆ ಹೋದ. ಎರಡು ವಾರ ಶೆಡ್ಡಿನ ಕಡೆಗೆ ಬರಲಿಲ್ಲ.

ಕೊನೆಗೆ ಕಾಗದ ಹಿಡಿದು ಕೂತೆ. 9 ವ್ಯಾಟಿನ 60 ಬಲ್ಬು, ದಿನಕ್ಕೆ 5 ಗಂಟೆ: 2.7 ಯೂನಿಟ್ಟು. 60 ದಿನಕ್ಕೆ 162. ನಮ್ಮ ಮೀಟರೂ ಅಷ್ಟನ್ನೇ ತೋರಿಸಿತ್ತು. ತಂಪು ಕೋಣೆಗೆ 240 ಎಂದು ತೋರಿಸಿತ್ತು. ಒಟ್ಟು 402. ಇಲಾಖೆಯ ಮೀಟರಿನಲ್ಲಾದರೋ 642! ಉಳಿದ 240ನ್ನು "ಸೋರಿಕೆ" ಎಂದು ತಿಳಿದು ಇಬ್ಬರ ಪ್ರಮಾಣದಂತೆ ಹಂಚುತ್ತಿದ್ದೆ. ಸೋರಿಕೆ ಅಷ್ಟಿರುವುದುಂಟೇ!

ತಂಪು ಕೋಣೆಯ ಸಿ.ಟಿ.ಗಳ ಮೈಮೇಲೆ 100/5 ಎಂದಿತ್ತು. ಸಾಫ್ಟ್‌ವೇರಿನಲ್ಲಿ ನಾನು ಎಲ್ಲ ಸಾಲಿಗೂ 50/5 ಎಂದು ಬರೆದಿದ್ದೆ. ನನ್ನ ಖರ್ಚು ಅರ್ಧವಾಗಿ ಕಂಡು, ಕಾಲು ಪಾಲು ಹೊರಬೇಕಾದ ತಮ್ಮ ಐದರಲ್ಲಿ ಎರಡು ಪಾಲು ಹೊತ್ತಿದ್ದ.

ಇಂಥ ಮೀಟರು ಹಾಕಿಸುವವರು ಗಮನಿಸತಕ್ಕ ಸಂಗತಿಗಳು ಇನ್ನೂ ಇವೆ. ಸಿ.ಟಿ.ಯ ಮೇಲಿನ ಬಾಣ ಕರೆಂಟು ಹರಿಯುವ ದಿಕ್ಕಿಗಿರಬೇಕು. ತಿರುಗಿದ್ದರೆ ಲೆಕ್ಕ ಮೈನಸ್ಸಾಗುತ್ತದೆ. ಮೂರು ಫೇಸಿನಲ್ಲಿ ಆಯಾ ಫೇಸಿನ ಸಿ.ಟಿ. ಆಯಾ ಫೇಸಿಗೇ ಸೇರಬೇಕು. ಅದಲುಬದಲಾದರೆ ಹೀಟರಿನಂಥ ಸಾಮಾನಿಗೆ ಅರ್ಧ ಲೆಕ್ಕ, ಅದೂ ಮೈನಸ್ಸಿನಲ್ಲಿ ಬರುತ್ತದೆ. ಬಾಣವೂ ತಿರುಗಿ ಫೇಸೂ ತಪ್ಪಿದರೆ ಒಂದು ತಪ್ಪು ಇನ್ನೊಂದರ ಮೈನಸ್ಸನ್ನು ಅಳಿಸಿಬಿಡುತ್ತದೆ. ನೋಡುವವನಿಗೆ ಎಲ್ಲ ಸರಿಯಾಗಿರುವಂತೆಯೇ ಕಾಣುತ್ತದೆ. ಬರೆದ ಅಂಕಿ ಲ್ಯಾಪ್‌ಟಾಪಿನಲ್ಲಿದ್ದರೆ ಸಾಲದು. ಮೀಟರಿಗೆ ಕಳಿಸಿ, ಮತ್ತೆ ಅದರಿಂದ ಓದಿಸಿ ನೋಡಬೇಕು. ಆಮೇಲೆ ಆ ದಾರಿಯ ಬೇರೆಲ್ಲವನ್ನೂ ಆರಿಸಿ, 1000 ವ್ಯಾಟಿನ ಹೀಟರೊಂದನ್ನು ಒಂದು ಗಂಟೆ ಉರಿಸಿದರೆ ಸುಮಾರು ಒಂದು ಯೂನಿಟ್ಟು ಏರಬೇಕು. ಈ ಪರೀಕ್ಷೆ ಮೊದಲೇ ಮಾಡಿದ್ದರೆ ನನಗೆ ನಾಚಿಕೆ ತಪ್ಪುತ್ತಿತ್ತು.

ಒಂದು ಅಪಾಯವನ್ನು ಹೇಳಲೇಬೇಕು. ಇಂಥ ಸಿ.ಟಿ.ಯಿಂದ ಮೀಟರಿಗೆ ಬರುವ ತಂತಿಯನ್ನು ಕರೆಂಟು ಹರಿಯುತ್ತಿರುವಾಗ ಬಿಚ್ಚಕೂಡದು. ಬಿಚ್ಚಿದ ತುದಿಯಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವೋಲ್ಟೇಜು ಹುಟ್ಟಬಹುದು. ಮೇನು ಆರಿಸಿಯೇ ಕೈ ಹಾಕಬೇಕು. ಸೀಲು ಹಾಕಿದ ಇಲಾಖೆಯ ಮೀಟರಿನ ತಂಟೆಗಂತೂ ಹೋಗಲೇಬಾರದು.

ಅಂಕಿ ತಿದ್ದಿದ ಮಾತ್ರಕ್ಕೆ ಹಿಂದೆ ಕೂಡಿಟ್ಟ ಯೂನಿಟ್ಟುಗಳು ಸರಿಹೋಗವು. ಆದುದರಿಂದ ತಿದ್ದಿದ ದಿನದ ಅಂಕಿಯನ್ನು ಗುರುತು ಹಾಕಿಕೊಂಡು, ಹಳೆಯ ಮೂರು ಬಿಲ್ಲುಗಳನ್ನೂ ಹೊಸದಾಗಿ ಹಂಚಿ, ಹೆಚ್ಚಾಗಿ ತೆತ್ತ ಹಣವನ್ನು ತಮ್ಮನ ಮನೆಗೇ ಹೋಗಿ ಕೊಟ್ಟೆ. ಎಣಿಸದೆ ಜೇಬಿಗೆ ಹಾಕಿಕೊಂಡ. ಈಗ ಬಿಲ್ಲಿನ ದಿನ ಇಬ್ಬರೂ ಮೀಟರಿನ ಮುಂದೆ ನಿಲ್ಲುತ್ತೇವೆ. ಅವನು ಓದುತ್ತಾನೆ, ನಾನು ಬರೆದುಕೊಳ್ಳುತ್ತೇನೆ.