ಮಂಜುಗಡ್ಡೆಯ ಲೆಕ್ಕ, ಕಡಗೋಲಿನ ಹದ

ಕಳೆದ ಬೇಸಗೆಯಲ್ಲಿ, ಯುಗಾದಿ ಕಳೆದು ಇನ್ನೂ ಹದಿನೈದು ದಿನವಾಗಿರದಿದ್ದರೂ ಉಳವಿಯ ನಮ್ಮ ಮನೆಯ ಹೆಂಚುಗಳು ಮಧ್ಯಾಹ್ನದ ಹೊತ್ತಿಗೆ ಕಾದ ಕಾವಲಿಯಂತಾಗುತ್ತಿದ್ದ ಆ ದಿನಗಳಲ್ಲಿ, ಬೆಂಗಳೂರಿನಿಂದ ರಜೆಗೆ ಬಂದಿದ್ದ ತಮ್ಮನ ಮಗಳು ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ನನ್ನನ್ನು ಹೀಗೆ ಕೇಳಿದಳು: "ದೊಡ್ಡಪ್ಪ, ಅಂಗಡಿಯಲ್ಲಿ ಐಸ್ಡ್ ಲಾಟೆ ಅಂತ ಒಂದು ಕೊಡ್ತಾರೆ, ಐಸ್ಡ್ ಕ್ಯಾಪುಚಿನೊ ಅಂತ ಇನ್ನೊಂದು. ಎರಡಕ್ಕೂ ಅದೇ ಎಸ್ಪ್ರೆಸೊ, ಅದೇ ಹಾಲು, ಅದೇ ಐಸು. ಹಾಗಾದ್ರೆ ವ್ಯತ್ಯಾಸ ಎಲ್ಲಿದೆ? ಮನೇಲಿ ಮಾಡೋಕೆ ಆಗ್ತದಾ?"

ನಮ್ಮದು ಅಡಕೆ–ಭತ್ತಗಳ ಸೀಮೆ. ಕಾಫಿಪುಡಿ ಇಲ್ಲಿಗೆ ಪೊಟ್ಟಣದಲ್ಲಿ ಬರುವ ಪದಾರ್ಥ. ಆದರೂ ಹಿತ್ತಾಳೆಯ ಫಿಲ್ಟರು ಇಲ್ಲದ ಅಡುಗೆಮನೆ ವಿರಳ. ಮಜ್ಜಿಗೆ ಕಡೆಯುವ ಕಡಗೋಲಂತೂ ಇದ್ದೇ ಇರುತ್ತದೆ. ಅವಳ ಪ್ರಶ್ನೆಗೆ ಉತ್ತರ ಹೇಳಲು ಇವೆರಡು ಉಪಕರಣಗಳೂ ಒಂದು ಉಷ್ಣಮಾಪಕವೂ ಒಂದು ಚಿಕ್ಕ ತಕ್ಕಡಿಯೂ ಸಾಲುವುದೆಂದು ನನಗೆ ತೋರಿತು.

ಎಸ್ಪ್ರೆಸೊ ಎಂಬುದು ಒತ್ತಡದಿಂದ ಇಳಿಸಿದ ಕಾಫಿ. ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಆವಿಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಅದನ್ನು ಒಂದೊಂದೇ ಬಟ್ಟಲಿಗೆ ಒಪ್ಪುವಂತೆ ತಿದ್ದಿದನು. ಅಖಿಲ್ಲೆ ಗಾಜ್ಜಿಯಾ 1938ರಲ್ಲಿ ಆರಂಭಿಸಿ ಯುದ್ಧಾನಂತರ ಪರಿಪೂರ್ಣಗೊಳಿಸಿದ ವಿಧಾನದಿಂದ ಆವಿಯ ಹಂಗು ತಪ್ಪಿ, ಬಿಸಿನೀರು ಸುಮಾರು 9 ವಾಯುಭಾರಗಳ ಒತ್ತಡದಲ್ಲಿ ಪುಡಿಯೊಳಗೆ ಹೊಗುವಂತಾಯಿತು. ಒಂಬತ್ತು ವಾಯುಭಾರವೆಂದರೆ ಎಷ್ಟೆಂಬುದನ್ನು ನಮ್ಮ ಕಡೆಯವರಿಗೆ ಹೀಗೆ ಹೇಳಬಹುದು: 253 ಮೀಟರು ಎತ್ತರದ ಜೋಗದ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಎತ್ತರಕ್ಕೆ ನೀರಿನ ಕಂಬವೊಂದನ್ನು ನಿಲ್ಲಿಸಿದರೆ ಅದರ ಬುಡದಲ್ಲಿ ಎಷ್ಟು ಒತ್ತಡವಿರುವುದೋ ಅಷ್ಟು. ಆ ಒತ್ತಡದಲ್ಲಿ ಏಳೆಂಟು ಗ್ರಾಂ ಪುಡಿಯಿಂದ ಅರ್ಧ ನಿಮಿಷದೊಳಗೆ 30 ಮಿಲಿಲೀಟರಿನಷ್ಟು ಗಾಢವಾದ ಸಾರ ಇಳಿಯುತ್ತದೆ. ಪುಡಿಯಲ್ಲಿ ಅಡಗಿದ್ದ ಇಂಗಾಲದ ಡೈಆಕ್ಸೈಡು ಹೊರಹೊಮ್ಮಿ, ಮೇಲೆ ಕಂದುಬಣ್ಣದ ನೊರೆ ಕಟ್ಟುತ್ತದೆ. ಮನೆಬಳಕೆಯ ಯಂತ್ರಗಳ ಪೆಟ್ಟಿಗೆಯ ಮೇಲೆ "15 ಬಾರ್" ಎಂದು ದಪ್ಪಕ್ಷರದಲ್ಲಿ ಮುದ್ರಿಸುವುದನ್ನು ಕಂಡು ಮರುಳಾಗಬೇಕಾದ್ದಿಲ್ಲ. ಅದು ಪಂಪಿನ ಪರಮಾವಧಿ ಸಾಮರ್ಥ್ಯವೇ ಹೊರತು ಕಾಫಿಗೆ ಬೇಕಾದ ಒತ್ತಡವಲ್ಲ.

ಹಾಲು ಬೆರೆಸಿ ಮಂಜುಗಡ್ಡೆ ಹಾಕಿ ಕುಡಿಯುವ ಕಾಫಿಯಲ್ಲಿ ಆ ಕಂದುನೊರೆ ಒಂದು ಕ್ಷಣವೂ ಉಳಿಯದು. ಅಲ್ಲಿ ಉಪಯೋಗಕ್ಕೆ ಬರುವುದು ಸಾರದ ಗಾಢತೆ ಮಾತ್ರ. ಆ ಗಾಢತೆಯನ್ನು ಒತ್ತಡಕ್ಕೆ ಬದಲಾಗಿ ಕಾಲಾವಕಾಶದಿಂದ ಸಂಪಾದಿಸುವುದು ನಮ್ಮ ಫಿಲ್ಟರಿನ ಕ್ರಮ. ನಲವತ್ತು ಗ್ರಾಂ ಪುಡಿಯ ಮೇಲೆ 200 ಮಿಲಿಲೀಟರು ಕುದಿನೀರು ಸುರಿದು ಮುಚ್ಚಿಟ್ಟರೆ, ಪುಡಿ ತನ್ನ ತೂಕದ ಇಮ್ಮಡಿಯಷ್ಟು ನೀರನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ, ಕೆಳಗೆ ಸುಮಾರು 120 ಮಿಲಿಲೀಟರು ಡಿಕಾಕ್ಷನ್ನು ಇಳಿಯುತ್ತದೆ. ಇಬ್ಬರಿಗೆ ತಲಾ 60. ಇದು ಎಸ್ಪ್ರೆಸೊ ಅಲ್ಲ, ನಿಜ; ಆದರೆ ಮಂಜುಗಡ್ಡೆಯ ಎದುರಿಗೆ ನಿಲ್ಲಬಲ್ಲಷ್ಟು ಕಸುವುಳ್ಳದ್ದು.

ಈ ಪೇಯಗಳು ಕೆಡುವುದು ಬಹುಮಟ್ಟಿಗೆ ಮಂಜುಗಡ್ಡೆಯ ದೆಸೆಯಿಂದ. ಮಂಜು ಕರಗಿ ನೀರಾಗಿ ಕಾಫಿಯನ್ನು ಸಪ್ಪೆ ಮಾಡುತ್ತದೆಂಬುದನ್ನು ಎಲ್ಲರೂ ಬಲ್ಲರು. ಎಷ್ಟು ಕರಗುತ್ತದೆಂದು ಮುಂದಾಗಿಯೇ ಹೇಳಬಹುದೆಂಬುದನ್ನು ಬಲ್ಲವರು ಕಡಮೆ. ಹಾಗೆ ಹೇಳುವ ಶಕ್ತಿಯನ್ನು ನಮಗೆ ಕೊಟ್ಟವನು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ಜೋಸೆಫ್ ಬ್ಲ್ಯಾಕ್. ಮಂಜು ಕರಗುವ ಬಿಂದುವನ್ನು ಮುಟ್ಟಿದೊಡನೆ ಅತ್ಯಲ್ಪ ಉಷ್ಣದಿಂದಲೇ ಪೂರ್ತಿ ನೀರಾಗುವುದೆಂದು ಆ ಕಾಲದ ವಿದ್ವಾಂಸರು ನಂಬಿದ್ದರು. ಹಾಗೆ ಆಗುವುದೇ ನಿಜವಾದರೆ ವಸಂತದ ಮೊದಲ ಬಿಸಿಲಿಗೆ ಪರ್ವತಗಳ ಹಿಮವೆಲ್ಲ ಒಮ್ಮೆಲೇ ಕರಗಿ, ಕೆಳಗಿನ ಊರುಗಳನ್ನು ಪ್ರವಾಹ ಕೊಚ್ಚಿಕೊಂಡು ಹೋಗಬೇಕಾಗಿತ್ತಲ್ಲ, ಹಾಗೇಕೆ ಆಗುವುದಿಲ್ಲವೆಂದು ಬ್ಲ್ಯಾಕನು ಕೇಳಿದನು. ಒಂದೇ ಅಳತೆಯ ಎರಡು ಗಾಜಿನ ಬುರುಡೆಗಳನ್ನು ತೆಗೆದುಕೊಂಡು, ಒಂದರಲ್ಲಿ ಮಂಜನ್ನೂ ಇನ್ನೊಂದರಲ್ಲಿ ಹೆಚ್ಚುಕಡಮೆ ಮಂಜಿನಷ್ಟೇ ತಣ್ಣಗಿದ್ದ ನೀರನ್ನೂ ಇಟ್ಟು, ದೊಡ್ಡದೊಂದು ಕೋಣೆಯಲ್ಲಿ ತೂಗುಹಾಕಿದನು. ನೀರು ಫ್ಯಾರನ್‌ಹೀಟ್ ಮಾನದಲ್ಲಿ ಏಳು ಡಿಗ್ರಿ ಏರಿ ನಲವತ್ತಕ್ಕೆ ಮುಟ್ಟಲು ಅರ್ಧ ಗಂಟೆ ಸಾಕಾಯಿತು. ಮಂಜು ಕರಗಿ ಅದೇ ತಾಪಕ್ಕೆ ಬರಲು ಹತ್ತೂವರೆ ಗಂಟೆ ಬೇಕಾಯಿತು. ಅಷ್ಟು ದೀರ್ಘಕಾಲ ಕೋಣೆಯಿಂದ ಒಳಸೇರಿದ ಉಷ್ಣದ ಸುಳಿವು ಉಷ್ಣಮಾಪಕಕ್ಕೆ ಸಿಕ್ಕಿರಲಿಲ್ಲ. ಅದಕ್ಕೆ ಅವನಿಟ್ಟ ಹೆಸರನ್ನೇ ನಾವು ಗುಪ್ತೋಷ್ಣವೆಂದು ಕನ್ನಡಿಸಿಕೊಂಡಿದ್ದೇವೆ. 1762ರಲ್ಲಿ ವಿದ್ವತ್ಸಭೆಯ ಮುಂದೆ ಓದಿದ ಈ ವಿಚಾರವನ್ನು ಅವನು ಪುಸ್ತಕವಾಗಿ ಅಚ್ಚು ಹಾಕಿಸಲೇ ಇಲ್ಲ. ಅವನ ಉಪನ್ಯಾಸಗಳು ಬೆಳಕು ಕಂಡದ್ದು ಅವನು ತೀರಿಕೊಂಡ ಮೇಲೆ, 1803ರಲ್ಲಿ. ಅವನು ಕಂಡುಕೊಂಡ ಬೆಲೆಯನ್ನು ನಮ್ಮ ಮಾನಕ್ಕೆ ತಿರುಗಿಸಿದರೆ ಗ್ರಾಮಿಗೆ ಸುಮಾರು 77 ಕ್ಯಾಲೊರಿ. ಇಂದಿನ ಬೆಲೆ 80. ಎರಡು ಗಾಜಿನ ಬುರುಡೆಗಳಿಂದಲೂ ತಾಳ್ಮೆಯಿಂದಲೂ ಒಬ್ಬ ಮನುಷ್ಯನು ಸತ್ಯಕ್ಕೆ ಇಷ್ಟು ಸಮೀಪ ಹೋದನೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಹಿಗ್ಗುತ್ತದೆ.

ಗುಪ್ತೋಷ್ಣವನ್ನು ಆ ಹುಡುಗಿಗೆ ತಿಳಿಸಲು ನನಗೆ ನಮ್ಮ ಕೆರೆಯೇ ನೆನಪಾಯಿತು. ಸೊರಬದ ಸೀಮೆ ಕೆರೆಗಳ ಸೀಮೆ. ರೋಹಿಣಿ ಮಳೆ ಒಂದೆರಡು ದಿನ ಬಿರುಸಾಗಿಯೇ ಹೊಯ್ದರೂ ಕೆರೆಯ ಮೆಟ್ಟಿಲಲ್ಲಿ ನೀರು ಒಂದು ಬೆರಳೂ ಏರುವುದಿಲ್ಲ. ಮಳೆಯೇ ಆಗಲಿಲ್ಲವೆಂದು ಹೇಳಲಾದೀತೇ? ಬೇಸಗೆಯಲ್ಲಿ ಬಿರಿದ ನೆಲ ಬಿದ್ದ ಹನಿಯನ್ನೆಲ್ಲ ಕುಡಿಯುತ್ತಿರುತ್ತದೆ. ನೆಲದ ದಾಹ ತೀರಿ, ಮೃಗಶಿರಾ ಕಳೆದು ಆರಿದ್ರಾ ಹಿಡಿದ ಮೇಲೆಯೇ ಹಳ್ಳ ಹರಿದು ಕೆರೆಗೆ ನೀರು ಬರುವುದು, ಮೆಟ್ಟಿಲು ಒಂದೊಂದಾಗಿ ಮುಳುಗುವುದು. ಉಷ್ಣಮಾಪಕವು ಕೆರೆಯ ಮೆಟ್ಟಿಲಿದ್ದಂತೆ. ಕರಗುತ್ತಿರುವ ಮಂಜು ರೋಹಿಣಿ ಮಳೆಯ ನೆಲವಿದ್ದಂತೆ. ಕಾಫಿಯ ಬಿಸಿಯನ್ನು ಅದು ಕುಡಿಯುತ್ತಲೇ ಇರುತ್ತದೆ, ತಾನು ಮಾತ್ರ ಸೊನ್ನೆಯಿಂದ ಮೇಲೇಳುವುದಿಲ್ಲ. ಮಂಜು ಅಷ್ಟೊಂದು ಉಷ್ಣವನ್ನು ಬೇಡುವುದರಿಂದಲೇ, 1833ರಲ್ಲಿ ಬಾಸ್ಟನ್ನಿನಿಂದ 180 ಟನ್ನು ಮಂಜನ್ನು ಹೇರಿಕೊಂಡು ಹೊರಟ ಹಡಗು ಉಷ್ಣವಲಯದ ಸಮುದ್ರಗಳನ್ನೂ ದಾಟಿ ನಾಲ್ಕು ತಿಂಗಳ ಮೇಲೆ ಕಲ್ಕತ್ತೆಗೆ ಬಂದಾಗಲೂ ಅದರಲ್ಲಿ ನೂರು ಟನ್ನಿನಷ್ಟು ಉಳಿದಿತ್ತು.

ಈಗ ಲೆಕ್ಕ. 70 ಡಿಗ್ರಿಯ 60 ಮಿಲಿಲೀಟರು ಡಿಕಾಕ್ಷನ್ನನ್ನು 5 ಡಿಗ್ರಿಗೆ ಇಳಿಸಲು 3900 ಕ್ಯಾಲೊರಿ ಉಷ್ಣವನ್ನು ತೆಗೆಯಬೇಕು. ಒಂದು ಗ್ರಾಂ ಮಂಜು ಕರಗುವಾಗ 80 ಕ್ಯಾಲೊರಿಯನ್ನೂ ಕರಗಿದ ನೀರು 5 ಡಿಗ್ರಿಗೇರುವಾಗ ಇನ್ನೈದನ್ನೂ ಹೀರುತ್ತದೆ. ಅಂದರೆ ಸುಮಾರು 46 ಗ್ರಾಂ ಮಂಜು ನೀರಾಗಲೇಬೇಕು. ಹುಡುಗಿ ಒರೆಸಿ ತೂಗಿದ ಮಂಜಿನ ಮೇಲೆ ಬಿಸಿ ಡಿಕಾಕ್ಷನ್ನು ಸುರಿದು, ಕಲಕಿ, 5 ಡಿಗ್ರಿ ಬಂದೊಡನೆ ಸೋಸಿ, ಉಳಿದ ಮಂಜನ್ನು ಮತ್ತೆ ತಕ್ಕಡಿಗೆ ಹಾಕಿದಳು. ಕರಗಿದ್ದು 50 ಗ್ರಾಂ. ಹೆಚ್ಚಿನ ನಾಲ್ಕು ಗ್ರಾಮನ್ನು ಸ್ಟೀಲ್ ಲೋಟದ ಬಿಸಿಯ ಹೆಸರಿಗೂ ಜಗಲಿಯ ಸೆಕೆಯ ಹೆಸರಿಗೂ ಬರೆದುಕೊಂಡೆವು. ಅರವತ್ತು ಪಾಲು ಕಾಫಿಗೆ ಐವತ್ತು ಪಾಲು ನೀರು!

ತಣ್ಣನೆಯ ಹಾಲನ್ನು ಮೊದಲು ಹಾಕಿದರೆ ಮಂಜು ಕಡಮೆ ಕರಗೀತೆಂದು ಅವಳು ವಾದಿಸಿದಳು. ಅನೇಕರು ಹಾಗೆಯೇ ತಿಳಿದಿದ್ದಾರೆ. ಹಾಲು 5 ಡಿಗ್ರಿಯಲ್ಲೇ ಇದ್ದು ಕೊನೆಗೆ 5 ಡಿಗ್ರಿಗೇ ನಿಲ್ಲುವುದಾದರೆ ಅದು ಆ ಉಷ್ಣದಲ್ಲಿ ಒಂದು ಕ್ಯಾಲೊರಿಯನ್ನೂ ತನ್ನ ಪಾಲಿಗೆ ಉಳಿಸಿಕೊಳ್ಳುವುದಿಲ್ಲ. ನಡುವೆ ಸ್ವಲ್ಪ ಹೊತ್ತು ಹೊತ್ತುಕೊಂಡು ಮಂಜಿಗೇ ದಾಟಿಸುತ್ತದೆ. ಸುರಿಯುವ ಅನುಕ್ರಮ ಹೇಗೇ ಇರಲಿ, ಸಾಲ ಅಷ್ಟೇ. ಸಾಲವನ್ನು ಕಡಮೆ ಮಾಡುವ ಮಾರ್ಗ ಒಂದೇ: ಡಿಕಾಕ್ಷನ್ನಿನ ಪಾತ್ರೆಯನ್ನು ಮುಚ್ಚಿ, ಬಾವಿಯ ನೀರು ತುಂಬಿದ ಬೋಗುಣಿಯಲ್ಲಿ ಕಾಲುಗಂಟೆ ಇಟ್ಟು 30 ಡಿಗ್ರಿಗೆ ತರುವುದು. ಆಗ ಕರಗುವ ಮಂಜು 18 ಗ್ರಾಮಿಗೆ ಇಳಿಯುತ್ತದೆ. ಇಷ್ಟಾದರೆ ಐಸ್ಡ್ ಲಾಟೆಯ ಕೆಲಸ ಮುಗಿದಂತೆಯೇ: ಲೋಟದಲ್ಲಿ ನಾಲ್ಕೈದು ತುಂಡು ಮಂಜು, ಅದರ ಮೇಲೆ 120 ಮಿಲಿಲೀಟರು ತಣ್ಣನೆಯ ಹಾಲು, ಅದರ ಮೇಲೆ ಡಿಕಾಕ್ಷನ್ನು.

ಕ್ಯಾಪುಚಿನೊ ಇಷ್ಟು ಸುಲಭವಾಗಿ ಕೈಗೆ ಬರಲಿಲ್ಲ. ಲಾಟೆಯಲ್ಲಿ ಹಾಲು ದ್ರವವಾಗಿ ಕಾಫಿಯೊಡನೆ ಬೆರೆತಿರುತ್ತದೆ. ಕ್ಯಾಪುಚಿನೊದಲ್ಲಿ ಹಾಲಿನ ದೊಡ್ಡ ಪಾಲು ಗಾಳಿಯನ್ನು ತುಂಬಿಕೊಂಡು ನೊರೆಯಾಗಿ ಮೇಲೆ ನಿಲ್ಲಬೇಕು. ಬಿಸಿ ಕಾಫಿಗೆ ಆವಿ ಹಾಯಿಸಿ ಎಬ್ಬಿಸುವ ಬಿಸಿನೊರೆಯನ್ನು ಮಂಜಿನ ಮೇಲೆ ಹಾಕಿದರೆ ಮಂಜಿಗೆ ಇನ್ನಷ್ಟು ಸಾಲ ಹೊರಿಸಿದಂತೆಯೇ ಸರಿ. ಗ್ರೀಸಿನವರು ಇದನ್ನರಿತೇ ತಣ್ಣನೆಯ ಹಾಲನ್ನು ತಣ್ಣಗಿರುವಂತೆಯೇ ಕಡೆದು, ಅದಕ್ಕೆ ಅಫ್ರೋಗಾಲ ಎಂಬ ಹೆಸರಿಟ್ಟು, ಮಂಜಿನೊಡನೆ ಕುಲುಕಿ ಸೋಸಿದ ಎಸ್ಪ್ರೆಸೊದ ಮೇಲೆ ಹೊದಿಸುತ್ತಾರೆ. ನಾವೂ ಹಾಗೆಯೇ ಮಾಡೋಣವೆಂದು ಕೆನೆಸಹಿತವಾದ ಹಾಲನ್ನು ಎತ್ತರದ ಪಾತ್ರೆಗೆ ಸುರಿದು ಕಡಗೋಲನ್ನು ಎರಡು ಅಂಗೈಗಳ ನಡುವೆ ಹೊಸೆದೆ. ಬೆಳಗಿನಿಂದ ವಿದ್ಯುತ್ತು ಇರಲಿಲ್ಲವಾದ್ದರಿಂದ ಫ್ರಿಜ್ಜಿನ ಒಳಗಿದ್ದೂ ಹಾಲು ಸುಮಾರು 20 ಡಿಗ್ರಿಗೆ ಏರಿತ್ತು. ನೊರೆ ನಾಲ್ಕು ಬೆರಳು ಎದ್ದಿತು. ನೋಡನೋಡುತ್ತಿದ್ದಂತೆ ದೊಡ್ಡ ದೊಡ್ಡ ಗುಳ್ಳೆಗಳಾಗಿ ಒಡೆದು ಕುಸಿಯಿತು. ಕಡಗೋಲಿನ ಹಲ್ಲುಗಳಿಗೆ ಸಾಸಿವೆಯಷ್ಟು ಸಣ್ಣ ಹಳದಿಯ ಹರಳುಗಳು ಅಂಟಿಕೊಂಡಿದ್ದವು.

ಅಮ್ಮ ಒಳಗಿನಿಂದ ಬಂದು ಆ ಹರಳನ್ನು ಬೆರಳಿನಿಂದ ಒರೆಸಿ ನೋಡಿ, "ಬೆಣ್ಣೆ ಬರೋ ಹದದಲ್ಲಿ ಕಡೆದೀಯಲ್ಲ ಮಾರಾಯ, ನೊರೆ ಹ್ಯಾಗೆ ನಿಲ್ತದೆ?" ಎಂದಳು.

ಹಾಲಿನ ನೊರೆಯ ಭೌತಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ. ಗುಳ್ಳೆಯ ಗೋಡೆಯನ್ನು ಕಟ್ಟುವುದು ಹಾಲಿನ ಪ್ರೋಟೀನುಗಳು. ನೂರು ಗ್ರಾಂ ಆಕಳ ಹಾಲಿನಲ್ಲಿ ಅವು ಮೂರು ಗ್ರಾಮಿನ ಮೇಲೆ ಸ್ವಲ್ಪ ಇರುತ್ತವೆ, ಅದರಲ್ಲಿ ಐದನೆಯ ನಾಲ್ಕು ಪಾಲು ಕೇಸೀನು. ಗೋಡೆಯನ್ನು ಕೆಡಹುವುದು ಕೊಬ್ಬು. ಹಾಲಿನ ಕೊಬ್ಬು ಅತಿಸೂಕ್ಷ್ಮವಾದ ಗೋಲಕಗಳಾಗಿ ತೇಲುತ್ತಿರುತ್ತದೆ. ತಣ್ಣನೆಯ ಹಾಲಿನಲ್ಲಿ ಈ ಗೋಲಕಗಳು ಬಹುಮಟ್ಟಿಗೆ ಗಟ್ಟಿಯಾಗಿದ್ದು ತಮ್ಮ ಪಾಡಿಗೆ ತಾವಿರುತ್ತವೆ. 40 ಡಿಗ್ರಿ ದಾಟಿದ ಹಾಲಿನಲ್ಲಿ ಪೂರ್ಣ ದ್ರವವಾಗಿದ್ದು ಆಗಲೂ ಅಷ್ಟಾಗಿ ಬಾಧಿಸುವುದಿಲ್ಲ. ಅನರ್ಥವಾಗುವುದು ನಡುವಿನ ತಾಪದಲ್ಲಿ, ಕೊಬ್ಬು ಅರೆಗಟ್ಟಿ ಅರೆದ್ರವವಾಗಿರುವಾಗ. ಆಗ ಗೋಲಕದ ಒಳಗಿನ ಸ್ಫಟಿಕದ ಮುಳ್ಳುಗಳು ಹೊರಚಾಚಿ ಅದರ ಪೊರೆಯನ್ನು ಸೀಳುತ್ತವೆ, ದ್ರವಾಂಶ ಗುಳ್ಳೆಯ ಗೋಡೆಯ ಮೇಲೆ ಹರಡಿ ಅದನ್ನು ದುರ್ಬಲಗೊಳಿಸುತ್ತದೆ, ಗುಳ್ಳೆ ಒಡೆದಾಗ ಅದರ ಮೈಮೇಲಿದ್ದ ಗೋಲಕಗಳು ಒಂದಕ್ಕೊಂದು ಅಂಟಿ ಗುಂಪುಗೂಡುತ್ತವೆ. ಆ ಗುಂಪೇ ಬೆಣ್ಣೆ. ಚಳಿಗಾಲದಲ್ಲಿ ಕಡೆಯುವ ಪಾತ್ರೆಗೆ ಒಂದು ಲೋಟ ಬಿಸಿನೀರನ್ನೂ ಬೇಸಗೆಯಲ್ಲಿ ತಣ್ಣೀರನ್ನೂ ಹಾಕುವ ನಮ್ಮ ಮನೆಗಳ ಹೆಂಗಸರು ಮಾಡುತ್ತ ಬಂದದ್ದು ಈ ನಡುವಿನ ತಾಪವನ್ನು ಬೆರಳಿನ ಅಳತೆಯಲ್ಲಿ ಹಿಡಿಯುವ ಕೆಲಸವನ್ನೇ. ಬೆಣ್ಣೆಗೆ ಯಾವುದು ಹದವೋ ನೊರೆಗೆ ಅದೇ ವಿಷ. ಉಷ್ಣಮಾಪಕವನ್ನು ಹಿಡಿದು ಕುಳಿತಿದ್ದ ನನಗೆ ಇದು ಹೊಳೆಯಲಿಲ್ಲ, ಅದನ್ನು ಎಂದೂ ಮುಟ್ಟದ ಅಮ್ಮನಿಗೆ ಹೊಳೆಯಿತು.

ಮಾರನೆಯ ದಿನ ಕಾಯಿಸಿ ಆರಿಸಿ ಕೆನೆ ತೆಗೆದ ಹಾಲನ್ನು, ಪಾತ್ರೆ ಕಡಗೋಲುಗಳ ಸಮೇತ ಫ್ರಿಜ್ಜಿನಲ್ಲಿಟ್ಟು 4 ಡಿಗ್ರಿಗೆ ತಂದೆವು. ಪೊಟ್ಟಣದ ಹಾಲನ್ನೇ ಬಳಸುವವರು ಶೇಕಡ 3ರಷ್ಟು ಕೊಬ್ಬಿರುವ ಟೋನ್ಡ್ ಹಾಲನ್ನು ಆರಿಸಿಕೊಳ್ಳಬೇಕು. ಎಮ್ಮೆಯ ಹಾಲು ಇದಕ್ಕೆ ಒಗ್ಗದು. ಎಂಬತ್ತು ಮಿಲಿಲೀಟರು ಹಾಲು ಒಂದು ನಿಮಿಷದಲ್ಲಿ ಇಮ್ಮಡಿಯಾಯಿತು. ಮೊದಮೊದಲು ಗುಳ್ಳೆಗಳು ಕಡಲೆಕಾಳಿನಷ್ಟಿದ್ದು, ಕಡಗೋಲು ತಿರುಗಿದಂತೆಲ್ಲ ಒಡೆದೊಡೆದು ಕಣ್ಣಿಗೆ ಬೇರೆಬೇರೆಯಾಗಿ ಕಾಣದಷ್ಟು ಸಣ್ಣವಾದವು; ಪಾತ್ರೆಯನ್ನು ಓರೆ ಮಾಡಿದರೆ ನೊರೆ ದೋಸೆಹಿಟ್ಟಿನಂತೆ ಮೆಲ್ಲನೆ ಜಾರುತ್ತಿತ್ತು. ಅತ್ತ, ಬಾವಿನೀರಿನಲ್ಲಿ ತಣಿದ ಡಿಕಾಕ್ಷನ್ನನ್ನು ಮೂರು ತುಂಡು ಮಂಜಿನೊಡನೆ ಬಿಗಿಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕುಲುಕಿ, ಸೋಸಿ, ಹೊಸ ಮಂಜು ಹಾಕಿದ ಲೋಟಕ್ಕೆ ಸುರಿದು, ನೊರೆಯನ್ನು ಚಮಚದ ಬೆನ್ನಿನ ಮೇಲಿಂದ ಇಳಿಯಬಿಟ್ಟೆವು.

ಎರಡು ಲೋಟಗಳನ್ನೂ ಪಕ್ಕದಲ್ಲಿಟ್ಟು ಕುಡಿದಾಗ ಲಾಟೆಯ ರುಚಿ ಮೊದಲ ಗುಟುಕಿನಿಂದ ಕೊನೆಯವರೆಗೂ ಒಂದೇ ಸಮನಾಗಿದ್ದು, ಕಡೆಗಡೆಗೆ ಮಾತ್ರ ಸ್ವಲ್ಪ ತೆಳುವಾಯಿತು. ಕ್ಯಾಪುಚಿನೊದಲ್ಲಿ ತುಟಿಗೆ ಮೊದಲು ತಾಗುವುದು ಹಗುರವಾದ ತಣ್ಣನೆಯ ನೊರೆ. ಅದನ್ನು ಸೀಳಿಕೊಂಡು ಬರುವ ಕಾಫಿ ಹಾಲಿನೊಡನೆ ಇನ್ನೂ ಬೆರೆತಿಲ್ಲವಾದ್ದರಿಂದ ಕಹಿಯೂ ಕಂಪೂ ತೀಕ್ಷ್ಣವಾಗಿ ತಿಳಿಯುತ್ತವೆ. ನನಗೆ ಎರಡನೆಯದೇ ಮೇಲೆನಿಸಿತು. ಆದರೆ ಹತ್ತು ನಿಮಿಷ ಹರಟುತ್ತ ಕುಳಿತರೆ ನೊರೆಯೊಳಗಿನ ದ್ರವ ಕೆಳಗಿಳಿದು ಅದೂ ಲಾಟೆಯೇ ಆಗಿಬಿಡುವುದರಿಂದ, ಕೈಗೆ ಬಂದೊಡನೆ ಕುಡಿದು ಮುಗಿಸಬೇಕು.

ಸಿಹಿಯ ವಿಷಯವಾಗಿ ಒಂದು ಮಾತು. ತಣ್ಣಗಿರುವಾಗ ನಾಲಗೆಗೆ ಸಿಹಿ ಮಂದವಾಗಿ ತಿಳಿಯುತ್ತದೆ, ಸಕ್ಕರೆಯ ಹರಳೂ ನಿಧಾನವಾಗಿ ಕರಗುತ್ತದೆ. ಎರಡೂ ಸೇರಿ, ಮೂರು ಚಮಚ ಹಾಕಿದರೂ ಸಪ್ಪೆಯೆನಿಸಿ, ತಳದಲ್ಲಿ ಮರಳಿನಂತೆ ಸಕ್ಕರೆ ಉಳಿದಿರುತ್ತದೆ. ನಮ್ಮಲ್ಲಿ ಜೋನಿಬೆಲ್ಲ ಇರುವಾಗ ಈ ಪರದಾಟ ಬೇಕಿಲ್ಲ. ಬಿಸಿಹಾಲಿಗೆ ಬೆಲ್ಲ ಹಾಕಿದರೆ ಒಡೆಯುವ ಭಯವಿರುವುದು ಹುಳಿಯೂ ಕಾವೂ ಒಟ್ಟುಗೂಡಿ ಕೇಸೀನನ್ನು ಹೆಪ್ಪುಗಟ್ಟಿಸುವುದರಿಂದ; ತಣ್ಣನೆಯ ಹಾಲಿನಲ್ಲಿ ಕಾವಿನ ಪಾಲು ಇಲ್ಲವಾದ್ದರಿಂದ ಹಾಲು ನೆಟ್ಟಗೆ ಉಳಿಯಿತು. ಡಬ್ಬಿ ಕುಲುಕುವ ಮೊದಲೇ ಒಂದು ಚಮಚ ಜೋನಿಬೆಲ್ಲವನ್ನು ಡಿಕಾಕ್ಷನ್ನಿಗೆ ಬೆರೆಸಿ ಮಾಡಿದ ಮೂರನೆಯ ಲೋಟವನ್ನು ಹುಡುಗಿ ಅಮ್ಮನ ಕೈಗಿತ್ತಳು. ಅಮ್ಮ ನೊರೆಯನ್ನು ಚಮಚದಿಂದ ತಿಂದು, ಮಂಜುಗಡ್ಡೆಯನ್ನು ತೆಗೆದು ತುಳಸಿಕಟ್ಟೆಯ ಬುಡಕ್ಕೆ ಹಾಕಿ, ಉಳಿದ ಕಾಫಿಯನ್ನು ಒಲೆಯ ಮೇಲಿಟ್ಟು ಬಿಸಿ ಮಾಡಿಕೊಂಡಳು. ಅದು ಒಡೆಯಿತು.