ಅಜ್ಜಿಯೂ ಮೊಮ್ಮಗಳೂ ಒಂದೇ ಬೆಂಚಿನಲ್ಲಿ

1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದಂದಿನಿಂದ ಕನ್ನಡ ಕ್ರೈಸ್ತ ಸಭೆಗಳಲ್ಲಿ ವಿಶ್ವಾಸವು ಬಹುಮಟ್ಟಿಗೆ ಹಾಡಿನಿಂದಲೇ ಬೆಳೆಯಿತೆನ್ನಬಹುದು. ನಿಘಂಟಿನ ಕರ್ತರಾದ ಕಿಟ್ಟೆಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯೆಂಬ ಹೆಸರಿನಿಂದ ಕನ್ನಡ ಪದ್ಯದಲ್ಲಿ ರಚಿಸಿದರು. ಓದುಬಾರದ ಮುದುಕರೂ ಚಿಕ್ಕ ಮಕ್ಕಳೂ ಕೇಳಿ ಕಲಿಯುವದು ಪದ್ಯವನ್ನೇ ಅಲ್ಲವೆ?

ಈಗ ನಾವು ಮಾಡುತ್ತಿರುವದೇನು? ಆರಾಧನೆಯ ಹೊತ್ತಿಗೇ ಮಕ್ಕಳನ್ನು ಆದಿತ್ಯವಾರದ ಶಾಲೆಗೆ ಕಳುಹಿಸಿ, ದೊಡ್ಡವರು ಮಾತ್ರ ದೇವಾಲಯದಲ್ಲಿ ಕುಳಿತುಕೊಳ್ಳುತ್ತೇವೆ. ಶಾಲೆಯು ಬೇಡವೆಂದು ನಾವು ಹೇಳುವದಿಲ್ಲ. ಅದರ ಗಂಟೆ ಬೇರೆಯಾಗಲಿ. ಕಳೆದ ಬೆಳೆಹಬ್ಬದಂದು ಶಾಲೆಗೆ ಬಿಡುವಿದ್ದುದರಿಂದ ಮಕ್ಕಳೆಲ್ಲರೂ ಒಳಗಿದ್ದರು. ನಮ್ಮ ಮುಂದಿನ ಬೆಂಚಿನ ಅಜ್ಜಿಯವರಿಗೆ ಅಕ್ಷರ ಕಾಣಿಸದು. ಮೊಮ್ಮಗಳು ಗೀತದ ಒಂದೊಂದು ಸಾಲನ್ನೂ ಅವರ ಕಿವಿಯಲ್ಲಿ ಓದಿ ಹೇಳಿದಳು. ಅವಳ ರಾಗ ತಪ್ಪಿದಾಗಲೆಲ್ಲಾ ಅಜ್ಜಿಯವರು ಮೆಲ್ಲಗೆ ಅವಳ ಕೈಯನ್ನು ತಟ್ಟಿ ತಿದ್ದಿದರು. ಅದರ ಮುಂದಿನ ಆದಿತ್ಯವಾರ ಅಜ್ಜಿಯವರು ಬಾಯಿ ತೆರೆಯಲಿಲ್ಲ.